ಫ್ರೆಂಡ್ಸ್ ಜೊತೆ ಬಿಯರ್ ಟ್ರಿಪ್: ಪ್ರಾಗಾ, ಬ್ರಸೆಲ್ಸಾ?

ಐದಾರು ಜನ ಒಂದೇ ಟೇಬಲ್ ಹಿಡ್ಕೊಂಡು ಸಂಜೆಪೂರ್ತಿ ಹರಟೆ ಹೊಡೀಬೇಕು ಅಂದ್ರೆ ಕಣ್ಮುಚ್ಕೊಂಡು ಪ್ರಾಗ್‌ಗೆ ಹೋಗಿ. ಹಳೇ ಪಬ್‌ಗಳಲ್ಲಿ ಆಯ್ಕೆ ಕಮ್ಮಿ, ಒಂದೋ ಎರಡೋ ಲಾಗರ್ (ತಂಪಲ್ಲಿ ಹುದುಗಿಸೋ ಬಿಯರ್) ಅಷ್ಟೆ, ಆದ್ರೆ ಟ್ಯಾಂಕಿಂದ ನೇರ ಬರೋ ಪಿಲ್ಸ್ನರ್ ಉರ್ಕ್ವೆಲ್ ಎಷ್ಟು ಫ್ರೆಶ್ ಅಂದ್ರೆ ಬಾಟಲಿದು ಆಮೇಲೆ ರುಚಿಸೋದೇ ಇಲ್ಲ, ಮತ್ತೆ ಆಲ್ಕೋಹಾಲ್ 4.4% ಆಗಿರೋದ್ರಿಂದ ಅಷ್ಟು ಬೇಗ ತಲೆಗೂ ಏರಲ್ಲ. ವೇಟರ್ ಟೇಬಲ್ ಮೇಲೆ ಒಂದು ಚೀಟಿ ಇಟ್ಟು ಮಗ್‌ಗೊಂದು ಗೀಟು ಎಳೀತಾ ಹೋಗ್ತಾನೆ, ಕೊನೇಲಿ ಅದನ್ನ ಎಣಿಸಿ ಬಿಲ್ಲು. ನಗು ಮಾತ್ರ ಎಕ್ಸ್‌ಪೆಕ್ಟ್ ಮಾಡ್ಬೇಡಿ ಅವರಿಂದ! 1499ರಿಂದ ಇರೋ ಉ ಫ್ಲೆಕು ಪಬ್‌ಗೆ ಅವರದೇ ಡಾರ್ಕ್ ಲಾಗರ್‌ಗೋಸ್ಕರ ಒಂದ್ಸಲ ಹೋಗ್ಬನ್ನಿ, ಟೂರಿಸ್ಟ್ ಗದ್ದಲ ಜಾಸ್ತಿ.

ಬ್ರಸೆಲ್ಸ್ ಕಥೆನೇ ಬೇರೆ, ಅಲ್ಲಿ ಮೆನುನೇ ಪುಸ್ತಕದಷ್ಟು ದಪ್ಪ, ಡೆಲಿರಿಯಂ ಕೆಫೆಲಂತೂ 2000ಕ್ಕೂ ಹೆಚ್ಚು ಬಿಯರ್, ಒಂದೊಂದು ಬ್ರ್ಯಾಂಡ್‌ಗೂ ಅದರದೇ ಗ್ಲಾಸು. ಓರ್ವಾಲ್ ಬಿಯರ್ 6.2% ಅಂತ ಶುರು ಮಾಡಿ ರೋಶ್‌ಫೋರ್ 10 ತಗೊಂಡ್ರೆ 11.3%, ಅಂದ್ರೆ ಹೆಚ್ಚುಕಮ್ಮಿ ವೈನ್ ಲೆವೆಲ್ಲು, ಪ್ರಾಗ್ ಸ್ಪೀಡಲ್ಲಿ ಕುಡಿದ್ರೆ ಫ್ರೆಂಡ್‌ನ ಹೊತ್ಕೊಂಡೇ ಹೋಗ್ಬೇಕಾಗುತ್ತೆ. ನನ್ನ ಕೇಳಿದ್ರೆ ಕ್ಯಾಂಟಿಯಾನ್ ಬ್ರೂವರಿ ಒಂದಕ್ಕೇ ಹೋಗ್ಬೋದು. 1900ರಿಂದ ನಡೀತಿದೆ, ಯೀಸ್ಟ್ ಹಾಕಲ್ಲ, ಗಾಳಿಲಿರೋ ಸೂಕ್ಷ್ಮಜೀವಿಗಳಿಂದ್ಲೇ ಹುಳಿ ಬರಿಸ್ತಾರೆ. ಅವರ ಗ್ಯೂಜ್ ಅನ್ನೋ ಹುಳಿ ಬಿಯರ್ ಮೊದಲ ಗುಟುಕಿಗೆ ಹಲ್ಲು ಚುಳ್ ಅನ್ನುತ್ತೆ, ಕಿಂಗ್‌ಫಿಷರ್ ಅಭ್ಯಾಸದವ್ರು ಅರ್ಧದಲ್ಲೇ ಬಿಡ್ತಾರೆ, ಅದನ್ನ ನೀವೇ ಮುಗಿಸ್ಬೋದು.

ದುಡ್ಡಿನ ಲೆಕ್ಕದಲ್ಲಿ ಪ್ರಾಗೇ ಅಗ್ಗ. ವೆಜ್ ಇರೋರಿಗೆ ಅಲ್ಲಿ ಕರಿದ ಚೀಸ್ ಸಿಗುತ್ತೆ, ಬ್ರಸೆಲ್ಸಲ್ಲಿ ಫ್ರೈಸ್ ಆರ್ಡರ್ ಮಾಡೋ ಮುಂಚೆ ಕೇಳ್ಕೊಳ್ಳಿ, ಸುಮಾರು ಕಡೆ ದನದ ಕೊಬ್ಬಲ್ಲೇ ಕರಿಯೋದು.