ಎಂಟು ಹಳೇ ಕಂಪ್ಯೂಟರ್, ನಾಲ್ಕು ಓಎಸ್: ಬಳ್ಳಾರಿಯ ಲ್ಯಾಬಿನಲ್ಲಿ ಕಂಡಿದ್ದು

ಬಳ್ಳಾರಿಯ ನಮ್ಮ ಕಾಲೇಜಿನಲ್ಲಿ ಮೂಲೆಗೆ ಬಿದ್ದಿದ್ದ ಎಂಟು ಕಂಪ್ಯೂಟರ್ ಜೋಡಿಸಿ ಒಂದು ಪುಟ್ಟ ಕ್ಲಸ್ಟರ್ ಕಟ್ಟಿದ್ದೇವೆ. ತುಂಗಭದ್ರಾ ಕಡೆಯ ಮಳೆ ಲೆಕ್ಕ ಹಾಕಲು ಅದರ ಮೇಲೆ ಡಬ್ಲ್ಯುಆರ್‌ಎಫ್ ಅನ್ನೋ ಹವಾಮಾನ ಪ್ರೋಗ್ರಾಮ್ ಓಡಿಸಬೇಕಿತ್ತು. ಯಾವ ಓಎಸ್ (ಆಪರೇಟಿಂಗ್ ಸಿಸ್ಟಮ್) ಹಾಕೋದು? 2017ರ ನವೆಂಬರ್‌ನಿಂದ ಜಗತ್ತಿನ ಅತಿ ವೇಗದ ಸೂಪರ್‌ಕಂಪ್ಯೂಟರ್‌ಗಳ ಟಾಪ್500 ಪಟ್ಟಿಯ ಐನೂರೂ ಯಂತ್ರಗಳಲ್ಲಿ ಲಿನಕ್ಸೇ ಇದೆ. ಸುಮ್ನೆ ಅದನ್ನೇ ಹಾಕಬಹುದಿತ್ತು. ಆದರೆ ಯಾಕೆ ಹಾಗೆ ಅಂತ ಕೈಯಾರೆ ನೋಡುವ ಆಸೆ ನನಗೆ.

ಮೊದಲು ವಿಂಡೋಸ್ ಸರ್ವರ್, 180 ದಿನದ ಟ್ರಯಲ್. 2008ರಲ್ಲಿ ಶಾಂಘೈನ ಡಾನಿಂಗ್ 5000ಎ ಸೂಪರ್‌ಕಂಪ್ಯೂಟರ್ ವಿಂಡೋಸ್ ಎಚ್‌ಪಿಸಿ (ಕ್ಲಸ್ಟರ್‌ಗೆಂದೇ ಮಾಡಿದ ವಿಂಡೋಸ್) ಹಾಕಿಕೊಂಡೇ ಪಟ್ಟಿಯಲ್ಲಿ ಹತ್ತನೇ ಸ್ಥಾನ ಪಡೆದಿತ್ತು. ನಮ್ಮಲ್ಲಿ ಎಂಟನ್ನೂ ಒಂದೇ ಲಾಗಿನ್ ವ್ಯವಸ್ಥೆಗೆ ಸೇರಿಸುವ ಡೊಮೈನ್ ಸರಿ ಮಾಡೋದರಲ್ಲೇ ಎರಡು ದಿನ ಹೋಯಿತು. ನಾಲ್ಕು ಜಿಬಿ ರ‍್ಯಾಮ್‌ನಲ್ಲಿ ಲೆಕ್ಕಕ್ಕೆ ಉಳಿಯುವ ಜಾಗವೂ ಕಡಿಮೆ. ಬಿಟ್ಟೆವು.

ಆಮೇಲೆ ಯುನಿಕ್ಸ್ ಅನ್ನೋ ಹಳೇ ಓಎಸ್ ಮನೆತನದ ಫ್ರೀಬಿಎಸ್‌ಡಿ. 1976ರ ಕ್ರೇ-1 ಸೂಪರ್‌ಕಂಪ್ಯೂಟರ್‌ಗೆ ಕ್ರೇ ಕಂಪನಿಯದೇ ಸಿಒಎಸ್ ಅನ್ನೋ ಓಎಸ್ ಇತ್ತು. ಎಂಬತ್ತರ ದಶಕದಲ್ಲಿ ಅದೇ ಕಂಪನಿ ಯುನಿಕೋಸ್ ಅಂತ ಯುನಿಕ್ಸ್ ಕಡೆ ಬಂತು. ಆ ಮನೆತನದ ಗಟ್ಟಿತನ ನಮಗೂ ಕಾಣಿಸಿತು. ಲೆಕ್ಕ ನಡೆಯುವಾಗಲೇ ಎರಡು ಸಲ ಕರೆಂಟ್ ಹೋಯಿತು, ಅದರ ಜಡ್‌ಎಫ್‌ಎಸ್ ಫೈಲ್ ವ್ಯವಸ್ಥೆಯಲ್ಲಿ ಒಂದು ಫೈಲೂ ಕೆಡಲಿಲ್ಲ. ನನಗೆ ತುಂಬಾ ಹಿಡಿಸಿತ್ತು. ಆದರೆ ಡಬ್ಲ್ಯುಆರ್‌ಎಫ್ ಕಂಪೈಲ್ ಆಗಲೇ ಇಲ್ಲ. ಮೂವರು ಹುಡುಗರು ಒಂದು ವಾರ ಗುದ್ದಾಡಿದರು. ಬೇಕಾದ ಪ್ರೋಗ್ರಾಮೇ ಓಡದಿದ್ದರೆ ಓಎಸ್ ಎಷ್ಟು ಚೆನ್ನಾಗಿದ್ದರೇನು, ಅಲ್ವಾ?

ಉಳಿದಿದ್ದು ಲಿನಕ್ಸಿನದೇ ಎರಡು ರೂಪ, ಉಬುಂಟು ಮತ್ತು ರಾಕಿ. ವೇಗ ಅಳೆಯುವ ಲಿನ್‌ಪ್ಯಾಕ್ ಓಡಿಸಿದರೆ ಎರಡರ ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ವ್ಯತ್ಯಾಸ ಕಂಡದ್ದು ಬೆಳಗಿನ ಜಾವ. ಉಬುಂಟು ಮೇಲೆ ರಾತ್ರಿಯೆಲ್ಲ ಚೆನ್ನಾಗಿ ಓಡಿದ ಕೆಲಸ ದಿನಾ ಆರು ಗಂಟೆ ದಾಟಿದ ಮೇಲೆ ಕುಂಟುತ್ತಿತ್ತು. ಎಂಟರಲ್ಲೂ ಸಿಪಿಯು ನೂರಕ್ಕೆ ನೂರು. ಯಂತ್ರಗಳು ತಮ್ಮೊಳಗೆ ಮಾತಾಡಿಕೊಳ್ಳಲು ಬಳಸುವ ಎಂಪಿಐನಲ್ಲಿ ಕಾಯುತ್ತಾ ನಿಂತ ಯಂತ್ರವೂ ದುಡಿಯುತ್ತಿರುವಂತೆಯೇ ಕಾಣುತ್ತದೆ, ಹಾಗಾಗಿ ಏನೂ ಗೊತ್ತಾಗಲಿಲ್ಲ. ಕೊನೆಗೆ ಒಬ್ಬ ಹುಡುಗ ಎಂಟು ಕಿಟಕಿ ತೆರೆದು, ಎಲ್ಲದರಲ್ಲೂ ಯಂತ್ರದಲ್ಲಿ ಏನೇನು ಓಡುತ್ತಿದೆ ಅಂತ ತೋರಿಸುವ ಟಾಪ್ ಕಮಾಂಡ್ ಹಾಕಿ ಕಾದು ಕುಳಿತ. "ಸರ್, ಐದನೇದ್ರಾಗ ಅಪ್‌ಡೇಟ್ ಶುರು ಆಗೇತ್ರಿ" ಅಂದ. ಸ್ವಲ್ಪ ಹೊತ್ತಿಗೆ ಎರಡನೆಯದು, ಆಮೇಲೆ ಏಳನೆಯದು. ಉಬುಂಟು ಆರು ಗಂಟೆಯಿಂದ ಒಂದು ತಾಸಿನೊಳಗೆ ಯಾವುದೋ ಒಂದು ನಿಮಿಷ ಆರಿಸಿಕೊಂಡು ತಾನಾಗಿಯೇ ಅಪ್‌ಡೇಟ್ ಶುರು ಮಾಡುತ್ತದೆ. ಒಬ್ಬೊಬ್ಬರದು ಒಂದೊಂದು ನಿಮಿಷ. ಮದುವೆ ಪಂಕ್ತಿಯಲ್ಲಿ ಕೊನೆಯವರ ಊಟ ಮುಗಿಯುವ ತನಕ ಯಾರೂ ಏಳಲ್ಲ. ಹಾಗೆ ಒಂದು ನೋಡ್ (ಕ್ಲಸ್ಟರಿನ ಒಂದು ಯಂತ್ರ) ತಡವಾದರೆ ಉಳಿದ ಏಳೂ ಕಾಯಬೇಕು.

ಸೂಪರ್‌ಕಂಪ್ಯೂಟರ್ ಕಟ್ಟುವವರಿಗೆ ಇದು ಹಳೇ ತಲೆನೋವು. ಸಾವಿರಾರು ನೋಡ್ ಇದ್ದಾಗ ಎಲ್ಲೋ ಒಂದು ಕಡೆ ಯಾವುದೋ ಚಿಲ್ಲರೆ ಕೆಲಸ ನಡೆದೇ ಇರುತ್ತದೆ. ಅದಕ್ಕೇ ಐಬಿಎಂ ತನ್ನ ಬ್ಲೂ ಜೀನ್ ಸೂಪರ್‌ಕಂಪ್ಯೂಟರ್‌ನಲ್ಲಿ ಲೆಕ್ಕದ ನೋಡ್‌ಗಳಿಗೆ ಸಿಎನ್‌ಕೆ ಅನ್ನೋ ಪುಟ್ಟ ಕರ್ನಲ್ (ಓಎಸ್‌ನ ತಿರುಳು) ಮಾತ್ರ ಕೊಟ್ಟು, ಫೈಲ್ ಓದಿ ಬರೆಯುವ ಕೆಲಸವನ್ನು ಲಿನಕ್ಸ್ ಇದ್ದ ಬೇರೆ ನೋಡ್‌ಗಳಿಗೆ ವಹಿಸಿತ್ತು.

ಉಬುಂಟುವಿನಲ್ಲೂ ಆ ಅಪ್‌ಡೇಟ್ ನಿಲ್ಲಿಸಬಹುದು, ನಿಲ್ಲಿಸಿದೆವು, ಸರಿಹೋಯಿತು. ಆದರೂ ಉಳಿಸಿಕೊಂಡಿದ್ದು ರಾಕಿ. ಕನಿಷ್ಠ ಇನ್‌ಸ್ಟಾಲ್ ಮಾಡಿದರೆ ನಾವು ಹೇಳದೆ ಅದು ಅಪ್‌ಡೇಟ್ ಹಾಕಿಕೊಳ್ಳಲ್ಲ. ಜೊತೆಗೆ ಕ್ಲಸ್ಟರ್ ನೋಡಿಕೊಳ್ಳುವ ವೇರ್‌ವುಲ್ಫ್ ಹಾಕಿದ್ದೇವೆ. ಅದರಲ್ಲಿ ಹೆಡ್ ನೋಡ್‌ಗೆ (ಉಳಿದವನ್ನು ನಡೆಸುವ ಮುಖ್ಯ ಯಂತ್ರಕ್ಕೆ) ಮಾತ್ರ ಹಾರ್ಡ್ ಡಿಸ್ಕ್ ಸಾಕು, ಉಳಿದ ಏಳೂ ನೆಟ್‌ವರ್ಕ್ ಮೂಲಕವೇ ಓಎಸ್ ತರಿಸಿಕೊಂಡು ಏಳುತ್ತವೆ. ಮೇ ತಿಂಗಳ ಗಾಳಿಮಳೆಗೆ ಕರೆಂಟ್ ಹೋದಾಗ ಹೆಡ್ ನೋಡನ್ನು ಯುಪಿಎಸ್ ಹಿಡಿದಿತ್ತು. ಕರೆಂಟ್ ಬಂತು, ನಾನು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ. ಏಳು ಯಂತ್ರದ ಹಸಿರು ದೀಪ ಒಂದಾದ ಮೇಲೊಂದು ಹತ್ತಿದವು. ಯಾರೂ ಕೀಬೋರ್ಡ್ ಮುಟ್ಟಿರಲಿಲ್ಲ.