ಹೊಟ್ಟೆನೋವಿಗೆ ಎದೆಯ ಎಕ್ಸ್‌ರೇ: ಒಂದು ತುರ್ತು ಚಿಕಿತ್ಸಾ ವಿಭಾಗದ ಅನುಭವ

ನಮ್ಮ ಜಿಲ್ಲಾ ಕೇಂದ್ರದ ಖಾಸಗಿ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗಕ್ಕೆ 64 ವರ್ಷದ ನಮ್ಮ ತಾಯಿಯವರನ್ನು ರಾತ್ರಿ ಒಂಬತ್ತೂವರೆಗೆ ಕರೆದುಕೊಂಡು ಹೋದಾಗ ನಮ್ಮ ಬಾಯಲ್ಲಿದ್ದದ್ದು ‘ಗ್ಯಾಸ್ಟ್ರಿಕ್’ ಎಂಬ ಒಂದೇ ಮಾತು. ಸಂಜೆ ಹೂ ಕಟ್ಟುತ್ತ ಕುಳಿತಿದ್ದವರಿಗೆ ಮೇಲ್ಹೊಟ್ಟೆಯಲ್ಲಿ ಇದ್ದಕ್ಕಿದ್ದಂತೆ ತಿವಿದ ಹಾಗೆ ನೋವು ಕಾಣಿಸಿಕೊಂಡಿತ್ತು. ಮನೆಯ ಹತ್ತಿರದ ಕ್ಲಿನಿಕ್‌ನಲ್ಲಿ ಹೊಟ್ಟೆಯನ್ನು ಮುಟ್ಟಿಯೂ ನೋಡದೆ ಒಂದು ಇಂಜೆಕ್ಷನ್ ಕೊಟ್ಟು ಕಳುಹಿಸಿದ್ದರು.

ಇಲ್ಲಿನ ಡ್ಯೂಟಿ ಡಾಕ್ಟರು ಮೊದಲು ಗಮನಿಸಿದ್ದು ತಾಯಿಯವರು ಮಲಗಿದ್ದ ರೀತಿಯನ್ನು. ಮೂತ್ರಪಿಂಡದ ಕಲ್ಲಿನ ನೋವಿನವರು ಹೊರಳಾಡುತ್ತಾರೆ, ಹೊಟ್ಟೆಯೊಳಗಿನ ಪೊರೆಗೆ ಉರಿಯೂತವಾದವರು ಅಲುಗಾಡಲು ಹೆದರುತ್ತಾರೆ ಎಂದು ಅವರು ಆಮೇಲೆ ನಮಗೆ ವಿವರಿಸಿದರು. ತಾಯಿಯವರು ಮೊಣಕಾಲು ಮಡಚಿಕೊಂಡು, ಉಸಿರನ್ನೂ ಮೇಲೆಮೇಲೆ ಎಳೆಯುತ್ತ ಬಿದ್ದುಕೊಂಡಿದ್ದರು. ಈ ವಯಸ್ಸಿನಲ್ಲಿ ಹೃದಯಾಘಾತವೂ ಮೇಲ್ಹೊಟ್ಟೆಯ ನೋವಾಗಿ ಬರಬಹುದಾದ್ದರಿಂದ ಬಂದ ಕೂಡಲೇ ಇ.ಸಿ.ಜಿ. ತೆಗೆದರು. ‘ಅಮ್ಮಾ, ಒಂದು ಸಲ ಕೆಮ್ಮಿ’ ಎಂದಾಗ ತಾಯಿಯವರು ಕೆಮ್ಮಲು ಹೋಗಿ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡರು. ಅಷ್ಟರಲ್ಲಿ ಬಂದ ಶಸ್ತ್ರಚಿಕಿತ್ಸಕರು ತಮ್ಮ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು, ನೋವು ಕಡಿಮೆಯಿದ್ದ ಎಡ ಕಿಬ್ಬೊಟ್ಟೆಯಿಂದ ಶುರುಮಾಡಿ ನಿಧಾನವಾಗಿ ಮೇಲಕ್ಕೆ ಒತ್ತುತ್ತ ಬಂದರು. ಹೊಟ್ಟೆ ಹಲಗೆಯ ಹಾಗೆ ಬಿಗಿದಿತ್ತು. ‘ಮಂಡಿನೋವಿಗೆ ಏನು ಮಾತ್ರೆ ತಗೋತೀರಿ?’ ಎಂದು ಅವರು ಕೇಳಿದ ಮೇಲೆಯೇ, ಮೂರು ತಿಂಗಳಿನಿಂದ ಮೆಡಿಕಲ್ ಶಾಪಿನಿಂದ ತರಿಸಿ, ಬರೀ ಕಾಫಿ ಕುಡಿದು ನುಂಗುತ್ತಿದ್ದ ಡೈಕ್ಲೊಫೆನಾಕ್ ಎಂಬ, ಜಠರದಲ್ಲಿ ಹುಣ್ಣು ಮಾಡಬಲ್ಲ ನೋವಿನ ಮಾತ್ರೆಯ ಸಂಗತಿ ಹೊರಬಿತ್ತು.

ಹೊಟ್ಟೆನೋವಿಗೆ ಎದೆಯ ಎಕ್ಸ್‌ರೇ ಯಾಕೆಂದು ನನ್ನ ತಮ್ಮ ರೇಗಿದ್ದು ನಿಜ. ತಾಯಿಯವರನ್ನು ಸುಮಾರು 10 ನಿಮಿಷ ನೆಟ್ಟಗೆ ಕೂರಿಸಿ ತೆಗೆದ ಆ ಚಿತ್ರದಲ್ಲಿ, ಬಲಗಡೆಯ ವಪೆಗೂ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಯಕೃತ್ತಿಗೂ ನಡುವೆ ಬಿದಿಗೆ ಚಂದ್ರನಂತಹ ತೆಳ್ಳನೆಯ ಕಪ್ಪು ಗೆರೆಯೊಂದಿತ್ತು. ಹುಣ್ಣು ತೂತಾದ ಜಾಗದಿಂದ ಹೊರಬಂದ ಗಾಳಿ, ಕೂತಾಗ ಮೇಲೇರಿ ಅಲ್ಲಿ ನಿಲ್ಲುತ್ತದೆಯಂತೆ. ಎಲ್ಲರಲ್ಲೂ ಇದು ಕಾಣುವುದಿಲ್ಲ, ಕಾಣದಿದ್ದರೆ ಸಿ.ಟಿ. ಸ್ಕ್ಯಾನ್ ಮಾಡಿಸುತ್ತಿದ್ದೆವು ಎಂದು ವೈದ್ಯರು ಹೇಳಿದರು. ಮೇದೋಜೀರಕ ಗ್ರಂಥಿಯ ಉರಿಯೂತವಿಲ್ಲವೆಂದು ಖಚಿತಪಡಿಸಿಕೊಳ್ಳಲು ಲೈಪೇಸ್ ಪರೀಕ್ಷೆಗೆ ರಕ್ತ ಕಳುಹಿಸಿದ್ದರು.

ನಾನು ಬಹಳವಾಗಿ ಮೆಚ್ಚಿದ ಸಂಗತಿಯೊಂದಿದೆ. ಸರ್ಜನ್ ನೋಡುವವರೆಗೆ ನೋವಿನ ಇಂಜೆಕ್ಷನ್ ಕೊಟ್ಟರೆ ರೋಗ ಮರೆಯಾಗುತ್ತದೆ ಎಂಬ ಹಳೆಯ ನಂಬಿಕೆಯನ್ನು ಇಲ್ಲಿ ಬಿಟ್ಟಿದ್ದಾರೆ. ಹಾಗೆ ಕೊಡುವುದರಿಂದ ರೋಗನಿರ್ಣಯ ತಪ್ಪುವುದಿಲ್ಲವೆಂಬುದು ಈಗ ವೈದ್ಯರು ಒಪ್ಪಿದ ವಿಷಯ. ಡ್ರಿಪ್ ಹಾಕಿ, ಮೂಗಿನ ಮೂಲಕ ಜಠರಕ್ಕೆ ಟ್ಯೂಬ್ ಇಳಿಸಿ, ಆ್ಯಂಟಿಬಯೋಟಿಕ್ ಕೊಡುವ ಹೊತ್ತಿಗಾಗಲೇ ತಾಯಿಯವರು ನಮ್ಮ ಹೆಸರು ಹಿಡಿದು ಮಾತನಾಡುವಷ್ಟು ಸಮಾಧಾನಗೊಂಡಿದ್ದರು. ಈ ಕಾಯಿಲೆಯಲ್ಲಿ ಆಪರೇಷನ್ ತಡವಾದಷ್ಟೂ ಪ್ರಾಣಾಪಾಯ ಹೆಚ್ಚುತ್ತದೆ. ಇವರು ರಾತ್ರಿ 12 ಗಂಟೆಯೊಳಗೆ ಥಿಯೇಟರಿಗೆ ಒಯ್ದರು. ಅದಕ್ಕೂ ಮೊದಲು ಸರ್ಜನ್ ಒಂದು ಹಾಳೆಯಲ್ಲಿ ಜಠರ, ಸಣ್ಣ ಕರುಳಿನ ಆರಂಭದ ಭಾಗ ಎರಡನ್ನೂ ಬರೆದು, ತೂತಿಗೆ ಹೊಲಿಗೆ ಹಾಕಿ ಅದರ ಮೇಲೆ ಹೊಟ್ಟೆಯೊಳಗಿನದೇ ಕೊಬ್ಬಿನ ಪದರವನ್ನು ತೇಪೆಯಂತೆ ಕೂರಿಸುವುದನ್ನು, ಆಗಬಹುದಾದ ತೊಂದರೆಗಳನ್ನು ಕನ್ನಡದಲ್ಲೇ ತಿಳಿಸಿ ನಂತರ ಸಹಿ ಪಡೆದರು. ಏಳನೆಯ ದಿನ ಮನೆಗೆ ಬಂದೆವು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಪರೀಕ್ಷೆ ಇನ್ನೂ ಬಾಕಿಯಿದ್ದು, ಇದ್ದರೆ ಅದಕ್ಕೂ ಚಿಕಿತ್ಸೆ ಆಗಬೇಕು, ಚಿಕಿತ್ಸೆ ಮಾಡದಿದ್ದರೆ ಹುಣ್ಣು ಮರುಕಳಿಸಬಹುದು ಎಂದಿದ್ದಾರೆ.

ಈ ವಿಮರ್ಶೆಯಲ್ಲಿ ಆಸ್ಪತ್ರೆಗೆ ಐದರಲ್ಲಿ ಒಂದು ನಕ್ಷತ್ರವನ್ನು ನಾನು ಕಡಿಮೆ ಕೊಟ್ಟಿರುವುದಕ್ಕೆ ಎರಡು ಕಾರಣಗಳಿವೆ. ತಾಯಿಯವರನ್ನು ಎಕ್ಸ್‌ರೇಗೆ ಒಯ್ದಿದ್ದ ಹೊತ್ತಿನಲ್ಲಿ ನನ್ನ ತಮ್ಮನನ್ನು ಮುಂಗಡ ಹಣಕ್ಕಾಗಿ ಬಿಲ್ಲಿಂಗ್ ಕೌಂಟರಿನಲ್ಲಿ 20 ನಿಮಿಷ ನಿಲ್ಲಿಸಿಕೊಂಡರು. ಚಿಕಿತ್ಸೆ ಅದರಿಂದ ನಿಲ್ಲಲಿಲ್ಲ, ಅದನ್ನು ಹೇಳಲೇಬೇಕು. ಆದರೆ ಜೀವ ಉಳಿಸುವುದೇ ವೈದ್ಯರ ಮೊದಲ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿರುವಾಗ, ಅಂತಹ ಹೊತ್ತಿನಲ್ಲಿ ಮನೆಯವರಿಗೆ ಆ ಆತಂಕವನ್ನು ಕೊಡಬಾರದಿತ್ತು.

ಎರಡನೆಯದು ನನಗೆ ಇನ್ನೂ ಮುಖ್ಯವೆನಿಸುತ್ತದೆ. ಡಿಸ್ಚಾರ್ಜ್ ಪತ್ರ ಪೂರ್ತಿ ಇಂಗ್ಲಿಷಿನಲ್ಲಿದೆ. ನೋವಿನ ಮಾತ್ರೆ ಬೇಡವೆಂಬ ಸೂಚನೆಯೂ ಅದರಲ್ಲಿ ‘NSAID’ (ನೋವು, ಉರಿಯೂತ ಕಡಿಮೆ ಮಾಡುವ ಒಂದು ಬಗೆಯ ಮಾತ್ರೆಗಳು) ಎಂಬ ಐದಕ್ಷರದ ಸಂಕ್ಷೇಪವಾಗಿ ಅಡಗಿದೆ. ಅದನ್ನು ತಾಯಿಯವರು ಓದಲಾರರು, ನಾನು ಓದಿದರೂ ಮನೆಯ ಡಬ್ಬಿಯಲ್ಲಿರುವ ಯಾವ ಮಾತ್ರೆ ಅದೆಂದು ತಿಳಿಯಲಿಲ್ಲ. ಕೇಳಿದ್ದಕ್ಕೆ ವಾರ್ಡಿನ ಸಿಸ್ಟರ್ ಔಷಧಿಯ ಕವರಿನ ಹಿಂದೆ ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಐಬುಪ್ರೊಫೆನ್ ಎಂದು ಕನ್ನಡದಲ್ಲಿ ದಪ್ಪಗೆ ಬರೆದು, ಕೆಳಗೆ ಗೆರೆ ಎಳೆದು, ‘ಇವನ್ನು ಡಾಕ್ಟರನ್ನು ಕೇಳದೆ ತಗೋಬೇಡಿ ಅಮ್ಮ’ ಎಂದು ಸೇರಿಸಿಕೊಟ್ಟರು. ಆ ಕವರು ಈಗ ನಮ್ಮ ಅಡುಗೆಮನೆಯಲ್ಲಿ ಮಾತ್ರೆಯ ಡಬ್ಬಿಯ ಮುಚ್ಚಳಕ್ಕೆ ಅಂಟಿಕೊಂಡಿದೆ. ಅಂಥದ್ದೊಂದು ಚೀಟಿಯನ್ನು ಆಸ್ಪತ್ರೆಯೇ ಅಚ್ಚುಹಾಕಿಸಿ ಪ್ರತಿ ಡಿಸ್ಚಾರ್ಜ್ ಪತ್ರಕ್ಕೂ ಲಗತ್ತಿಸಬೇಕೆಂದು ಆಡಳಿತದವರಿಗೆ ಬರೆದು ಕೊಟ್ಟಿದ್ದೇನೆ.