ತುಕ್ಕು ಹಿಡಿದ ಶೆಫೀಲ್ಡ್ ಕ್ಷೌರದ ಕತ್ತಿ: ವಿನೆಗರ್, ಬಫಿಂಗ್ ಚಕ್ರ, ಎಮರಿ ಪೇಪರ್

ಇಂಗ್ಲೆಂಡಿನ ಶೆಫೀಲ್ಡ್ ಊರಿನ, ದಪ್ಪ ಬೆನ್ನಿನ ಹಳೆಯ ಕ್ಷೌರದ ಕತ್ತಿಗಳ ಮೇಲೆ ತುಕ್ಕು ತೆಗೆಯುವ ಈ ಮೂರೂ ಕ್ರಮಗಳನ್ನು ಮಾಡಿ ನೋಡಿ ಹೇಳುತ್ತಿರುವುದು ಇದು. ಹೊಳಪಿಗಿಂತ ಬೆನ್ನು, ಬಾಯಿ (ಹರಿತವಾದ ಅಂಚು) ಏನಾದವು ಎಂದು ನೋಡಬೇಕು. ಸಾಣೆ ಹಿಡಿಯುವಾಗ ಎರಡೂ ಒಟ್ಟಿಗೆ ಕಲ್ಲಿಗೆ ತಾಗುತ್ತವೆ, ಬೆನ್ನಿನ ದಪ್ಪವೇ ಕೋನ ಕೊಡುತ್ತದೆ. ಬೆನ್ನು ಒಂದು ಕಡೆ ಹೆಚ್ಚು ಸವೆದರೆ ಬಾಯಿ ಕಲ್ಲಿನ ಮೇಲೆ ಸಮನಾಗಿ ಕೂರುವುದಿಲ್ಲ.

ವಿನೆಗರ್ ಅಗ್ಗ, ಶ್ರಮವೂ ಕಡಿಮೆ. ಅರ್ಧ ಗಂಟೆ ನೆನೆಸಿದರೆ ಮೇಲಿನ ಕೆಂಪು ತುಕ್ಕು ಹಳೆಯ ಟೂತ್‌ಬ್ರಷ್‌ಗೇ ಬಿಟ್ಟುಕೊಳ್ಳುತ್ತದೆ. ಆದರೆ ಹುಳಿ ಒಳ್ಳೆಯ ಉಕ್ಕನ್ನೂ ತಿನ್ನುತ್ತದೆ. ರಾತ್ರಿಯಿಡೀ ಬಿಟ್ಟರೆ ಅಲಗು ಬೂದು ಬಣ್ಣಕ್ಕೆ ತಿರುಗಿ, ತೆಳು ಬಾಯಿ ಮೊದಲು ಹಾಳಾಗುತ್ತದೆ. ತೆಗೆದ ಕೂಡಲೇ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಸವರದಿದ್ದರೆ ನೋಡನೋಡುತ್ತಲೇ ಹೊಸ ತುಕ್ಕು. ಹಿಡಿ ಬಿಚ್ಚದೆ ಮುಳುಗಿಸಲೇಬಾರದು, ಹಿಡಿಯನ್ನು ಅಲಗಿಗೆ ಜೋಡಿಸುವ ರಿವೆಟ್ ಪಿನ್ನಿನ ಸಂದಿಯಲ್ಲಿ ಹುಳಿ ಉಳಿದುಬಿಡುತ್ತದೆ.

ಬಫಿಂಗ್ ಚಕ್ರ, ಅಂದರೆ ಯಂತ್ರದಲ್ಲಿ ತಿರುಗುವ ಹೊಳಪು ಚಕ್ರ, ನಿಮಿಷಗಳಲ್ಲಿ ಕನ್ನಡಿ ಮಾಡಿಕೊಡುತ್ತದೆ, ಅಷ್ಟೇ ಬೇಗ ಕೆಡಿಸುತ್ತದೆ. ಬಾಯಿ ತೆಳ್ಳಗಿರುವುದರಿಂದ ಬಿಸಿ ಅಲ್ಲೇ ಮೊದಲು ಏರುತ್ತದೆ. ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿ ಹಳದಿ, ಆಮೇಲೆ ನೀಲಿ ಬಣ್ಣ ಕಂಡರೆ ಉಕ್ಕಿನ ಹದ ಹೋಯಿತು; ಸಾಣೆಗೆ ಬಂದರೂ ಹರಿತ ನಿಲ್ಲುವುದಿಲ್ಲ. ಅಲಗಿನ ಬುಡದಲ್ಲಿ ಒತ್ತಿದ ಮುದ್ರೆಯೂ ಅಳಿಸಿಹೋಗುತ್ತದೆ. 1890ರ ಅಮೆರಿಕದ ಸುಂಕ ಕಾಯ್ದೆ ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರನ್ನು ಕಡ್ಡಾಯ ಮಾಡಿತು, ಹಾಗಾಗಿ ‘ಇಂಗ್ಲೆಂಡ್’ ಎಂಬ ಮುದ್ರೆ ಕತ್ತಿಯ ಕಾಲ ಊಹಿಸಲು ಸಿಗುವ ಸುಳಿವು. ಚಕ್ರ ಕತ್ತಿಯನ್ನು ಕಚ್ಚಿ ಎಸೆಯುವ ಅಪಾಯ ಬೇರೆ.

ನಮ್ಮ ಮತ ಎಮರಿ ಪೇಪರಿಗೇ, ಬೆರಳು ನೋಯುತ್ತದೆ ನಿಜ. ಹಿಡಿಯ ರಿವೆಟ್ ತಲೆಯನ್ನು ಅರದಿಂದ ಸವೆಸಿ, ಪಿನ್ನನ್ನು ಹೊರಗೆ ತಟ್ಟಿ. ಬಾಯಿಗೆ ಟೇಪ್ ಸುತ್ತಿ, ಅಲಗನ್ನು ಮರದ ಪಟ್ಟಿಯ ಮೇಲೆ ಮಲಗಿಸಿ, ಬಾಯಿಗೆ ಸಮಾನಾಂತರವಾಗಿ ಉಜ್ಜಿ. ನೀರಿನಲ್ಲಿ ನೆನೆದರೂ ಹಾಳಾಗದ ಕಾಗದವೇ ಬೇಕು. ಹೊಲಿಗೆ ಯಂತ್ರದ ಎಣ್ಣೆ ಹಚ್ಚಿಕೊಳ್ಳಿ. 600 ನಂಬರಿನ ಕಾಗದದಿಂದ ಶುರು ಮಾಡಿ (ನಂಬರು ಹೆಚ್ಚಿದಷ್ಟೂ ಕಾಗದ ನಯ), ತುಕ್ಕು ತಿಂದ ಗುಳಿ ಹೆಚ್ಚಿದ್ದರೆ ಮಾತ್ರ 320ಕ್ಕೆ ಇಳಿಯಿರಿ. ಆಮೇಲೆ 800, 1000, 1500, 2000. ಪ್ರತಿ ಹಂತದಲ್ಲೂ ಉಜ್ಜುವ ದಿಕ್ಕನ್ನು ತುಸು ಓರೆ ಮಾಡಿದರೆ ಹಿಂದಿನ ಗೀರು ಉಳಿದಿದೆಯೇ ಎಂದು ತಿಳಿಯುತ್ತದೆ. ನಡುವೆ ಹಂತ ಹಾರಿಸಿದರೆ 320ರ ಗೀರುಗಳು 2000ದ ಹೊಳಪಿನೊಳಗೆ ಎದ್ದು ಕಾಣುತ್ತವೆ. ಕಲ್ಲಿಗೆ ತಾಗುವ ಬೆನ್ನಿನ ಪಟ್ಟಿಯನ್ನು ಮುಟ್ಟಬೇಡಿ. ಚಿನ್ನದ ಲೇಪದ ಅಕ್ಷರಗಳಿದ್ದರೆ ಆ ಜಾಗವನ್ನೂ ಬಿಡಿ, ಒಮ್ಮೆ ಹೋದರೆ ಹೋಯಿತು.

ಆಳದ ಗುಳಿಗಳನ್ನು ಬೆನ್ನಟ್ಟಬೇಡಿ. ಅಲಗಿನ ನಡುವೆ ಇದ್ದರೆ ಕ್ಷೌರಕ್ಕೇನೂ ಅಡ್ಡಿಯಿಲ್ಲ. ಬಾಯಿಗೇ ಬಂದಿದ್ದರೆ ಗುಳಿ ಮುಗಿಯುವವರೆಗೆ 1000 ನಂಬರಿನ ಸಾಣೆಕಲ್ಲಿನಲ್ಲಿ ಬಾಯಿ ಸವೆಸಬೇಕು.